ಐದನೇ ಮಹಡಿಯ ನರ್ಸ್

ಮಾರ್ಚ್ 4
ಹನ್ನೊಂದು ಲೆನ್ಸ್ ಉಜ್ಜಿದೆ. ಒಂದರ ಪವರ್ ತಪ್ಪಿತು. ತಲೆ ಇಲ್ಲಿರಲಿಲ್ಲ. ಷಡ್ಡಕನ ಮೆಸೇಜ್ — ಅವನ ಫ್ಲಾಟಿಗೆ ಬಾಡಿಗೆಗೆ ನರ್ಸ್ ಸಿಕ್ಕಳಂತೆ. ಅಗ್ರಿಮೆಂಟಿನ ಫೋಟೋ, ಅವಳ ನಂಬರ್ ಸಮೇತ. ಅವನದು ಐದನೇ ಮಹಡಿ. ಅದೇ ಕಟ್ಟಡದ ನಾಲ್ಕನೆಯದರಲ್ಲಿ ನನ್ನದು, ಐದು ತಿಂಗಳಿಂದ ಖಾಲಿ. ಎರಡು ದಿನದ ರೈಲು ದಾರಿ, ಭಾಷೆ ಬರದ ಊರು. ಅವನ ಮಾತು ಕೇಳಿ ನೋಡದೆಯೇ ಕೊಂಡೆ. ಊರಿಗೆಲ್ಲ ಕನ್ನಡಕ ಮಾಡುವವನು!
"ಭಾವನ ಕೈಗುಣ ಅಂದ್ರೆ ಅದು" ಅಂದಳು ಹೆಂಡತಿ. ಊಟ ಸೇರಲಿಲ್ಲ.

ಮಾರ್ಚ್ 19, ಭಾನುವಾರ
ಅವರ ಮನೆಗೆ ಹೋಗಿದ್ದೆವು. ಹೊಸ ಸೋಫಾ. "ಕೂತು ನೋಡು, ಹೇಗಿದೆ?" ಅಂದ. ಕೂತೆ. ಮುಳ್ಳಿನ ಮೇಲೆ ಕೂತ ಹಾಗೆ.

ಮಾರ್ಚ್ 20, ಮಧ್ಯಾಹ್ನ 3
ಅಂಗಡಿಯ ಹಿಂದಿನ ರೂಮಿನಿಂದ ನರ್ಸಿಗೆ ಫೋನ್. ಹರಕು ಮುರುಕು ಇಂಗ್ಲಿಷ್. ಕೆಳಗಿನ ಮಹಡಿ, ಅಂಥದ್ದೇ ಮನೆ, ಬಾಡಿಗೆ ಕಾಲು ಭಾಗ ಕಡಿಮೆ. ಹಳೇ ಓನರಿಗೆ ಮಾತ್ರ ಹೇಳಕೂಡದು. "ಅವರು ಒಳ್ಳೆಯವರು" ಅಂದಳು.
ಆ ಮಾತಿಗೇ ಇನ್ನೂ ಐನೂರು ಇಳಿಸಿದೆ.

ಮೇ 2
ಅವಳು ನನ್ನ ಮನೆಗೆ ಇಳಿದು ಬಂದಳು. ಷಡ್ಡಕನಿಗೆ ಟ್ರಾನ್ಸ್‌ಫರ್ ಆಗಿದೆ ಅಂದಳಂತೆ. ಇವತ್ತು ಒಂದು ಲೆನ್ಸೂ ತಪ್ಪಲಿಲ್ಲ.

ಜುಲೈ 11
ಅವನದು ಇನ್ನೂ ಖಾಲಿ. ಲೋನಿನ ಕಂತಿಗೆ ಅತ್ತಿಗೆ ಬಳೆ ಬಿಚ್ಚಿಕೊಟ್ಟಳಂತೆ. ಅಕ್ಕನ ಬರಿಗೈ ನೋಡಿ ನನ್ನವಳು ಅತ್ತಳು.
ಸಂಜೆ ಅಂಗಡಿಗೆ ಬಂದ. "ನಿನ್ನದಾದ್ರೂ ತುಂಬಿತಲ್ಲ, ಅಷ್ಟು ಸಾಕು. ಕೊಡಿಸಿದವನು ನಾನು. ಎರಡೂ ಖಾಲಿ ಬಿದ್ದಿದ್ರೆ ನಿನಗೆ ಹೇಗೆ ಮುಖ ತೋರಿಸ್ತಿದ್ದೆ?"
ಅವನಿಗೆ ಹೊಟ್ಟೆಕಿಚ್ಚೇ ಇಲ್ಲ. ಈಗ ಅದಕ್ಕೂ ನನಗೆ ಹೊಟ್ಟೆಕಿಚ್ಚು.

ಜುಲೈ 30, ಬೆಳಿಗ್ಗೆ 8, ಲಾಡ್ಜ್
ಆ ಊರು. ಅವನು ಫ್ಲಾಟ್ ಮಾರುತ್ತಾನಂತೆ. ಮಾರುವ ಮೊದಲು ಒಮ್ಮೆ ನೋಡಬೇಕಂತೆ. ಟಿಕೆಟ್ ಇಬ್ಬರಿಗೂ ಅವನೇ ತೆಗೆದ. "ಮೊದಲು ನಿನ್ನ ಮನೆಗೆ ಹೋಗೋಣ" ಅನ್ನುತ್ತಾನೆ. ನರ್ಸ್ ಫೋನ್ ಎತ್ತುತ್ತಿಲ್ಲ. ಅವನು ಬಚ್ಚಲಲ್ಲಿದ್ದಾನೆ. ಬಾಗಿಲು ತೆರೆಯುವವಳನ್ನು ಅವನು ನೋಡುವ ಮೊದಲು ನಾನೇ ಹೇಳಿಬಿಡಬೇಕು. ರೈಲಿನಲ್ಲಿ ಎರಡು ದಿನ ಬಾಯಿವರೆಗೆ ಬಂತು, ನುಂಗಿದೆ.

8.20
ಹೇಳಿದೆ. "ಅಣ್ಣಾ, ಆ ನರ್ಸ್..."
ತಲೆ ಒರೆಸುತ್ತಲೇ ಇದ್ದ. "ನಾಲ್ಕನೇ ಮಹಡೀಲಿದಾಳೆ. ಗೊತ್ತು. ಮೇ ತಿಂಗಳಲ್ಲೇ ಮನಸ್ಸು ತಡೀದೆ ಫೋನ್ ಮಾಡಿ ಹೇಳಿದ್ಲು. ಶರ್ಟ್ ಹಾಕ್ಕೋ, ಹೊತ್ತಾಯ್ತು."
ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾನೆ. ನಾನು ಬರೆಯುತ್ತ ಕೂತಿದ್ದೇನೆ. ಒಂದು ಮಾತು ಬೈದಿದ್ದರೆ... ಒಂದೇ ಒಂದು ಬೈದಿದ್ದರೆ ನಾನು —