ಕೆಂಪು ಹೊಲಿಗೆಯ ಜೇಬು

ವಿದ್ಯಾರ್ಥಿನಿಲಯ
ಬುಧವಾರ, ಊಟದ ಬಿಡುವಿನಲ್ಲಿ

ಅಮ್ಮಾ,

ಈ ಕಾಗದ ಕೈಸೇರುವಾಗ ನೀನು ಹೊಲಿಗೆ ಕೋಣೆಯಲ್ಲಿ ಮೆಷಿನ್ ಮುಂದೆ ಕೂತಿರುತ್ತೀಯ, ಕನ್ನಡಕ ಮೂಗಿನ ತುದಿಗೆ ಜಾರಿರುತ್ತದೆ. ಒಂದು ಗಳಿಗೆ ಪೆಡಲು ತುಳಿಯುವುದನ್ನು ನಿಲ್ಲಿಸಿ ಓದು. ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೇನೆ, ಒದ್ದೆ ಕೂದಲಿನಲ್ಲಿ ಮಲಗುತ್ತಿಲ್ಲ, ಕೆಮ್ಮು ಹೋಯಿತು. ನಿನ್ನ ಮಾಮೂಲಿ ಮೂರು ಪ್ರಶ್ನೆಗಳಿಗೆ ಉತ್ತರ ಆಯಿತು. ಇನ್ನು ನನ್ನದು ಕೇಳು.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು "ಆಯ್ತು ಬಿಡು" ಅಂದರೆ ಅಲ್ಲಿಗೆ ಎಲ್ಲ ಮುಗಿಯುತ್ತದೆ. ಕಾಗದದಲ್ಲಿ ನಡುವೆ ಬಾಯಿ ಹಾಕಲು ನಿನಗೆ ಆಗುವುದಿಲ್ಲ. ಅಂಚೆಗೆ ಹಾಕಿದರೆ ಶನಿವಾರದೊಳಗೆ ಮುಟ್ಟುತ್ತದೋ ಇಲ್ಲವೋ ಎಂದು ವ್ಯಾನ್ ಮಾಮನ ಕೈಯಲ್ಲಿ ಕೊಡುತ್ತಿದ್ದೇನೆ. ನಮ್ಮ ನರ್ಸಿಂಗ್ ಕಾಲೇಜಿನ ಆಸ್ಪತ್ರೆಯ ಕೊಳೆ ಬಟ್ಟೆಯನ್ನೆಲ್ಲ ದಿನಾ ನಿಮ್ಮ ದೊಡ್ಡಾಸ್ಪತ್ರೆಯ ಲಾಂಡ್ರಿಗೆ ಒಯ್ಯುವವರು ಅವರೇ ತಾನೆ. ಒಳಗೆ ಏನಿದೆ ಎಂದು ಕೇಳದ ಮನುಷ್ಯ ಇಡೀ ಊರಿನಲ್ಲಿ ಅವರೊಬ್ಬರೇ.

ಶನಿವಾರ ನಮ್ಮ ಪದವಿ ಸಮಾರಂಭ. ಅದೇ ವೇದಿಕೆಯಲ್ಲಿ, ಜನರ ಆರೋಗ್ಯಕ್ಕಾಗಿ ಮುಂದೆ ನಿಂತು ದುಡಿದವರಿಗೆ ಸನ್ಮಾನ. ಓದು ಮುಗಿಸಿ ಹೊರಡುವ ನಮ್ಮಲ್ಲಿ ಒಬ್ಬರಿಗೆ, ಕೈಬಿಚ್ಚಿ ಕೊಟ್ಟ ದಾನಿಗಳಲ್ಲಿ ಒಬ್ಬರಿಗೆ. ನಮ್ಮಲ್ಲಿ ಆ ಒಬ್ಬಳು ನಾನು ಎಂದು ಹೇಳಿದ್ದೆ. ಯಾವ ಕೆಲಸಕ್ಕೆ ಎಂದು ನೀನು ಮೂರು ಸಲ ಕೇಳಿದೆ. ಒಮ್ಮೆ ಲೈನ್ ಸರಿಯಿಲ್ಲ ಎಂದೆ, ಒಮ್ಮೆ ಕ್ಲಾಸಿಗೆ ಹೊತ್ತಾಯಿತು ಎಂದೆ, ಮೂರನೇ ಸಲ ಅದೆಲ್ಲ ನಿನಗೆ ಅರ್ಥವಾಗುವುದಿಲ್ಲ ಎಂದೆ. ಅದನ್ನು ನಿನಗಿಂತ ಚೆನ್ನಾಗಿ ಅರ್ಥಮಾಡಿಕೊಳ್ಳುವವರು ಯಾರೂ ಇಲ್ಲ, ಅದಕ್ಕೇ ಹೇಳಲಿಲ್ಲ. ಆ ಪ್ರಶಸ್ತಿ ಬಂದಿರುವುದು ಗೌನಿನ ಜೇಬಿಗೆ.

ಹೌದು, ನಿನ್ನ ಜೇಬಿಗೇ. ಆಸ್ಪತ್ರೆಯ ಗೌನು ತೊಟ್ಟವರಿಗೆ ಕನ್ನಡಕವೋ ಕರವಸ್ತ್ರವೋ ಮನೆಯವರ ಫೋಟೊವೋ ಇಟ್ಟುಕೊಳ್ಳಲು ಜಾಗವಿಲ್ಲವೆಂದು ನೀನು ಎಡ ಎದೆಯ ಒಳಮಗ್ಗುಲಿಗೆ ಹೊಲಿಯುತ್ತಿದ್ದ ಅಂಗೈಯಗಲದ ಜೇಬು. ಹರಿದ ಹಾಸಿನಲ್ಲಿ ಇನ್ನೂ ಗಟ್ಟಿಯಿದ್ದ ಭಾಗ ಹುಡುಕಿ ನೀನು ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದೆ. ಶಾಲೆ ಬಿಟ್ಟು ಬಂದ ನಾನು ನಿನ್ನ ಮೇಜಿನ ಕೆಳಗೆ ಕೂತು ಮೊಂಡು ಕತ್ತರಿಯಲ್ಲಿ ಕತ್ತರಿಸುತ್ತಿದ್ದೆ. ವರ್ಷಗಟ್ಟಲೆ ಕತ್ತರಿಸಿ ಕತ್ತರಿಸಿ ಅದು ನನ್ನದೇ ಎಂದು ನನಗೆ ಅನ್ನಿಸಿತ್ತೋ ಏನೋ. ಹೋದ ವರ್ಷ ಕಾಲೇಜಿನ ಯೋಜನೆಗೆ ಅರ್ಜಿ ಬರೆಯುವಾಗ ಮೊದಲ ಸಾಲು ಹೀಗೆ ಬರೆದೆ: ರೋಗಿಗೆ ತನ್ನದು ಎಂದು ಒಂದು ವಸ್ತು ಇಟ್ಟುಕೊಳ್ಳಲೂ ಜಾಗವಿಲ್ಲ ಎಂಬುದನ್ನು ನಾನು ಗಮನಿಸಿದೆ. ಒಂದೇ ಉಸಿರಿಗೆ ಬರೆದುಬಿಟ್ಟೆ. ಅದೇ ಈಗ ಹೆಚ್ಚು ನಾಚಿಕೆಯಾಗುವ ಸಂಗತಿ. ನೀನು ಬರುವುದಕ್ಕೂ ಮುಂಚೆ ಆ ಸುಳ್ಳು ಸಾಲನ್ನು ಅಳಿಸಿಹಾಕಬೇಕು ಅನ್ನಿಸುತ್ತದೆ.

ನನಗೆ ನಾನೇ ಹೇಳಿಕೊಂಡ ನೆಪವೂ ಇತ್ತು. ಜೇಬಿನಲ್ಲಿ ಉಳಿದ ಒಂದು ಪೆನ್ನು ಒಡೆದು ನಲವತ್ತು ಹಾಸು ನೀಲಿಯಾದಾಗ, ಆಸ್ಪತ್ರೆಯ ಬಟ್ಟೆಯ ಉಸ್ತುವಾರಿ ನೋಡುವ ನಿಮ್ಮ ಲಿನನ್ ಮೇಡಂ ನಿನಗೆ ಕೊಟ್ಟ ಮೆಮೊ ನೆನಪಿದೆ. ಇನ್ನೊಮ್ಮೆ ಜೇಬು ಹೊಲಿದರೆ ಕೆಲಸ ಹೋಗುತ್ತದೆ ಎಂದು ಅದರಲ್ಲಿತ್ತು. ಆಮೇಲೂ ನೀನು ಹೊಲಿದೆ. ನಿನ್ನ ಸುದ್ದಿ ಎತ್ತಿದರೆ ಅದೆಲ್ಲ ಬಯಲಾಗುತ್ತದೆ, ಹಾಗಾಗಿ ಅಮ್ಮನನ್ನು ಕಾಪಾಡಲೆಂದೇ ಸುಮ್ಮನಿದ್ದೇನೆ ಎಂದುಕೊಂಡೆ. ಅದು ಅರ್ಧ ನಿಜ. ಉಳಿದರ್ಧ ಕೊನೆಗೆ ಬರೆಯುತ್ತೇನೆ, ಈಗ ಧೈರ್ಯ ಸಾಲದು.

ಅರ್ಜಿ ಒಪ್ಪಿಗೆಯಾಯಿತು. ಕೊಡೆ ಕಾರ್ಖಾನೆ ನಡೆಸಿದ ಒಬ್ಬ ಅಜ್ಜಿ ಮುನ್ನೂರು ಗೌನಿಗೆ ಬಟ್ಟೆ ಕೊಟ್ಟರು. ನಮ್ಮ ಮೂಳೆ ವಾರ್ಡನ್ನೂ ಕಟ್ಟಿಸಿಕೊಟ್ಟವರು ಅವರೇ. ಎಲ್ಲರೂ ಕೊಡೆ ಅಜ್ಜಿ ಎನ್ನುತ್ತಾರೆ. ಶನಿವಾರ ದಾನಿಯಾಗಿ ನನ್ನ ಪಕ್ಕ ನಿಲ್ಲುವವರೂ ಅವರೇ. ಗೌನು ತೊಟ್ಟವರೆಲ್ಲ ಹೊಗಳಿದ್ದೇ ಹೊಗಳಿದ್ದು, ನಾನು ಉಬ್ಬಿಹೋದೆ.

ಹೋದ ತಿಂಗಳು ವಾರ್ಡಿಗೆ ಗಡಿಯಾರ ರಿಪೇರಿ ಮಾಡುವ ಒಬ್ಬ ಅಜ್ಜ ಬಂದು ಸೇರಿದರು, ಇನ್ನೂ ಇಲ್ಲೇ ಇದ್ದಾರೆ. ಒಂದು ದಿನ ಸ್ನಾನಕ್ಕೆ ಹೋಗುವಾಗ ಕಿವಿಯ ಮೆಷಿನ್ ಬಿಚ್ಚಿ ಜೇಬಿನಲ್ಲಿಟ್ಟರು. ಗೌನು ಬದಲಾಯಿಸಿದವಳು ನಾನು. ಅದು ಹಾಗೇ ಲಾಂಡ್ರಿಗೆ ಹೋಯಿತು. ಮರುದಿನದಿಂದ ನಾನು ಏನು ಹೇಳಿದರೂ ಅಜ್ಜ ನಗುತ್ತಾರೆ, ಅಷ್ಟೆ. ಮೊದಲು ನನ್ನ ಜೊತೆ ಗಡಿಯಾರದ ಹಲ್ಲುಚಕ್ರದ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಿದ್ದವರು. ಎಲ್ಲೋ ಬಿದ್ದಿರಬೇಕು ಎಂದು ವಾರ್ಡಿನವರು ಬರೆದುಕೊಂಡರು. ಜೇಬಿನಲ್ಲಿ ಹೋಯಿತು ಎಂದು ನಾನು ಬಾಯಿಬಿಡಲಿಲ್ಲ.

ಸೋಮವಾರ ಕೊಡೆ ಅಜ್ಜಿ ಕೋಲೂರಿಕೊಂಡು ಬಂದರು. ಚೀಲದಿಂದ ಒಂದು ಹಳೆಯ ಗೌನು ತೆಗೆದು ನನ್ನ ಮುಂದೆ ಹರಡಿದರು. ಎರಡು ವರ್ಷದ ಹಿಂದೆ ಸೊಂಟ ಮುರಿದುಕೊಂಡು ನಿಮ್ಮ ಆಸ್ಪತ್ರೆಯಲ್ಲಿದ್ದರಂತೆ. ತೀರಿಕೊಂಡ ಯಜಮಾನರ ಕೈಗಡಿಯಾರವನ್ನು ಅದರ ಜೇಬಿನಲ್ಲಿಟ್ಟುಕೊಂಡು ಮೂರು ವಾರ ಕಳೆದರಂತೆ. ಮನೆಗೆ ಹೋಗುವಾಗ ಗೌನನ್ನೇ ಕದ್ದೊಯ್ದರಂತೆ, ಅದನ್ನು ಏನೂ ಅಳುಕಿಲ್ಲದೆ ಹೇಳಿದರು. ಆಮೇಲೆ ಹೆಗಲ ಹೊರಗಡೆ ಇದ್ದ ಕೆಂಪು ದಾರದ ಚಿಕ್ಕ ಅಡ್ಡಹೊಲಿಗೆ ತೋರಿಸಿ, "ಇದು ಯಾಕೆ ಅಂತ ಹೇಳು ನೋಡೋಣ" ಎಂದರು. ನಾನು ಚೆಂದಕ್ಕೆ ಎಂದೆ. "ಹೊಲಿಯೋರು ಸುಮ್‌ಸುಮ್ನೆ ದಾರ ಹಾಳು ಮಾಡಲ್ಲಮ್ಮ. ನೀನು ಮೊದಲು ತೋರಿಸಿದ ಗೌನಲ್ಲಿ ಇದು ಇರಲಿಲ್ಲ. ಇದನ್ನ ಹೊಲಿದೋರು ಬೇರೆ ಯಾರೋ ಇದ್ದಾರೆ" ಎಂದು ಹೇಳಿ ಗೌನು ಮಡಚಿ ಇಟ್ಟುಕೊಂಡರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಅಮ್ಮಾ, ಅಷ್ಟು ವರ್ಷ ನಿನ್ನ ಕಾಲಬುಡದಲ್ಲಿ ಕೂತಿದ್ದರೂ ಆ ಕೆಂಪು ಹೊಲಿಗೆ ಯಾಕೆ ಎಂದು ನಾನು ಕೇಳಲೇ ಇಲ್ಲ.

ಸನ್ಮಾನ ಪತ್ರ ಶುಕ್ರವಾರ ಅಚ್ಚಿಗೆ ಹೋಗುತ್ತದೆ. ಜೇಬು ನಿನ್ನದು ಎಂದು ಪ್ರಿನ್ಸಿಪಾಲರಿಗೆ ಹೇಳಿದರೆ ನನ್ನ ಪ್ರಶಸ್ತಿ ಹೋಗಬಹುದು. ಹೋಗಲಿ. ಆದರೆ ನಿಮ್ಮ ಆಸ್ಪತ್ರೆಯ ದೊಡ್ಡ ಡಾಕ್ಟರೂ ವೇದಿಕೆಯ ಮೇಲಿರುತ್ತಾರೆ. ನಿನ್ನ ನಿವೃತ್ತಿಗೆ ಇನ್ನು ಎರಡೇ ವರ್ಷ. ಹೇಳಿದರೆ ನಿನ್ನ ಅನ್ನಕ್ಕೆ ಕಲ್ಲು, ಹೇಳದಿದ್ದರೆ ನಿನ್ನ ದುಡಿಮೆಯನ್ನು ನಾನು ಕೊರಳಿಗೆ ಹಾಕಿಕೊಂಡು ನಿಲ್ಲಬೇಕು. ಹೇಳಲೋ ಬೇಡವೋ, ನೀನೇ ಹೇಳು. "ಆಯ್ತು ಬಿಡು" ಎಂದು ಮಾತ್ರ ಬರೆಯಬೇಡ.

ನಿನ್ನ,
ಪಿಟೀಲು

ಮತ್ತೆ: ಉಳಿದರ್ಧ ಇದು. ಅರ್ಜಿಯಲ್ಲಿ ತಾಯಿಯ ಉದ್ಯೋಗ ಎಂದು ಕೇಳಿದ್ದರು. ಆಸ್ಪತ್ರೆ ಸಿಬ್ಬಂದಿ ಎಂದು ಬರೆದೆ. ಇಲ್ಲಿ ಎಲ್ಲರೂ ನಿನ್ನನ್ನು ಹೆಡ್ ನರ್ಸ್ ಎಂದುಕೊಂಡಿದ್ದಾರೆ. ನಾಲ್ಕು ವರ್ಷದಿಂದ ಅಲ್ಲ ಎಂದು ಒಮ್ಮೆಯೂ ಹೇಳಿಲ್ಲ.

*

ಹೊಲಿಗೆ ಕೋಣೆ
ಗುರುವಾರ, ವ್ಯಾನ್ ಹೊರಡುವ ಮುಂಚೆ

ಪಿಟೀಲೂ,

ನಿನ್ನ ಕಾಗದ ಎರಡು ಸಲ ಓದಿದೆ. ಒಮ್ಮೆ ಮೆಷಿನ್ ನಿಲ್ಲಿಸಿ, ಒಮ್ಮೆ ಬಾಗಿಲು ಹಾಕಿಕೊಂಡು. ನಿನ್ನಷ್ಟು ಚೆಂದ ಬರೆಯಲು ನನಗೆ ಬರುವುದಿಲ್ಲ, ತಿಳಿದಷ್ಟು ಬರೆಯುತ್ತೇನೆ.

ನೀನು ಹೇಳುವ ಮುಂಚೆಯೇ ನನಗೆ ಗೊತ್ತಿತ್ತು. ಎರಡು ತಿಂಗಳ ಹಿಂದೆ ನಿಮ್ಮ ಕಾಲೇಜಿನ ಪತ್ರಿಕೆ ಇಲ್ಲಿ ನೋಟಿಸ್ ಬೋರ್ಡಿಗೆ ಬಂತು. ನೀನು ಗೌನು ಹಿಡಿದು ನಿಂತ ಫೋಟೊ. ಲಿನನ್ ಮೇಡಮ್ಮೇ ಕರೆದು ತೋರಿಸಿ, "ನಿನ್ನ ಕಾಯಿಲೆ ಮಗಳಿಗೂ ಅಂಟಿದೆ ನೋಡು" ಎಂದರು. ನಾನು ನಕ್ಕೆ. ಕೆಳಗಿನ ಬರಹದಲ್ಲಿ ನಮ್ಮ ಕೋಣೆಯ ಮಾತು ಎಲ್ಲಾದರೂ ಇದೆಯೇ ಎಂದು ಮೂರು ಸಲ ಹುಡುಕಿದೆ. ಆಮೇಲೆ ಫೋನಿನಲ್ಲಿ ಮೂರು ಸಲ ಕೇಳಿದ್ದು ಗೊತ್ತಿಲ್ಲದೆ ಅಲ್ಲ, ನೀನು ಹೇಳುತ್ತೀಯೋ ಎಂದು. ನೋವಾಯಿತು. ಆಗಲಿಲ್ಲ ಎಂದು ಬರೆದರೆ ನೀನು ನಂಬಿಬಿಡುತ್ತೀಯ, ಅದಕ್ಕೇ ಆಯಿತು ಎಂದು ಬರೆಯುತ್ತಿದ್ದೇನೆ. ಹೆಡ್ ನರ್ಸ್ ಸಂಗತಿಯೂ ಚುಚ್ಚಿತು. ಆದರೆ ನಿನ್ನನ್ನು ಓದಲು ಕಳಿಸುವಾಗ ನನ್ನ ಕೆಲಸದ ಬಗ್ಗೆ ಯಾರಿಗೂ ಹೇಳಬೇಡ ಎಂದು ಹೇಳಿಕೊಟ್ಟವಳು ನಾನೇ. ಅದರಲ್ಲಿ ಅರ್ಧ ತಪ್ಪು ನನ್ನ ಲೆಕ್ಕಕ್ಕೆ.

ಈಗ ಕೆಂಪು ಹೊಲಿಗೆ. ಲಾಂಡ್ರಿಯಲ್ಲಿ ಬಟ್ಟೆ ಬೇರ್ಪಡಿಸುವವರು ದಿನಕ್ಕೆ ಎಂಟುನೂರು ಗೌನು ಎತ್ತಿಹಾಕುತ್ತಾರೆ. ಒಳಗಿರುವ ಜೇಬು ಅವರಿಗೆ ಎಲ್ಲಿ ಕಾಣಬೇಕು? ಹೆಗಲ ಮೇಲೆ ಕೆಂಪು ಕಂಡರೆ ಕೈ ಹಾಕಿ ನೋಡು ಎಂದು ಅರ್ಥ. ನೀಲಿ ಹಾಸಿನ ರಾದ್ಧಾಂತ ಆದಮೇಲೆ ಶುರು ಮಾಡಿದ್ದು. ಮೆಮೊ ಕೊಟ್ಟ ಮೇಡಂ ಮರುವಾರ ಬಂದು ನನ್ನ ಮೆಷಿನ್ ಮೇಲೆ ಒಂದು ರೀಲು ಕೆಂಪು ದಾರ ಇಟ್ಟು ಹೊರಟುಹೋದರು. ಅಂದಿನಿಂದ ಇಂದಿನವರೆಗೆ ದಾರ ಮುಗಿದಾಗಲೆಲ್ಲ ಹೊಸ ರೀಲು ಬರುತ್ತಿದೆ. ಯಾರು ತರುತ್ತಾರೆ ಎಂದು ನಾವು ಕೇಳುವುದಿಲ್ಲ, ಅವರೂ ಹೇಳುವುದಿಲ್ಲ.

ಆ ಅಜ್ಜನ ಕಿವಿ ಮೆಷಿನ್ ಒಗೆಯುವ ಡ್ರಮ್ಮಿನ ತಳದಲ್ಲಿ ಸಿಕ್ಕಿತು, ತಂದು ನನ್ನ ಕೈಗೇ ಕೊಟ್ಟರು. ಕೆಂಪು ಹೊಲಿಗೆಯಿಲ್ಲದ ನಿನ್ನ ಗೌನಿನಿಂದಲೇ ಬಿದ್ದದ್ದು ಎಂದು ನೋಡಿದ ಕೂಡಲೇ ತಿಳಿಯಿತು. ಒಣಗಿಸಿ ನೋಡಿದೆವು, ಮಾತಾಡಲಿಲ್ಲ. ಯಾರದು ಎಂದು ವಿಚಾರಿಸಿ ಕಳಿಸಬೇಕಿತ್ತು. ವಿಚಾರಿಸಿದರೆ ನಿನ್ನ ಹೆಸರು ಹೊರಬರುತ್ತದೆ ಎಂದು ನಾನೂ ಬಾಯಿ ಮುಚ್ಚಿಕೊಂಡೆ. ನೀನು ನನ್ನನ್ನು ಕಾಪಾಡಿದ ಹಾಗೆಯೇ ನಾನೂ ನಿನ್ನನ್ನು ಕಾಪಾಡಿದ್ದು, ನಡುವೆ ಕಿವಿ ಕೇಳದೆ ಕೂತವರು ಆ ಅಜ್ಜ. ಪ್ರಿನ್ಸಿಪಾಲರ ಹತ್ತಿರ ಆಮೇಲೆ ಹೋಗು. ಮೊದಲು ಅಜ್ಜನ ಮಂಚದ ಹತ್ತಿರ ಹೋಗು. ನಡೆದದ್ದನ್ನೆಲ್ಲ ಕಾಗದದಲ್ಲಿ ಬರೆದು ಅವರ ಕೈಯಲ್ಲಿಡು, ಓದಿ ಮುಗಿಸುವವರೆಗೆ ಅಲ್ಲೇ ಇರು. ಹೊಸ ಮೆಷಿನ್ ಬರುವ ಹಾಗೆ ನೋಡಿಕೊಳ್ಳುವುದು ನಮ್ಮಿಬ್ಬರ ಕೆಲಸ.

ಆ ಮೆಷಿನ್ ಸಿಕ್ಕ ದಿನದಿಂದ ನಿಮ್ಮ ಕಾಲೇಜಿನ ಗೌನು ಬಂದಾಗಲೆಲ್ಲ ಹೊಲಿಗೆ ಕೋಣೆಯ ನಾವು ನಾಲ್ಕೂ ಜನ ಕೆಂಪು ಹೊಲಿಗೆ ಹಾಕಿ ಕಳಿಸುತ್ತಿದ್ದೇವೆ. ಮುನ್ನೂರರಲ್ಲಿ ನೂರಾ ಎಂಬತ್ತು ಆಯಿತು. ಅದೇ ಗೌನನ್ನು ನೀನು ದಿನಾ ರೋಗಿಗಳಿಗೆ ತೊಡಿಸುತ್ತಿದ್ದೀಯ, ನಿನ್ನ ಕಣ್ಣಿಗೆ ಬಿದ್ದಿಲ್ಲ. ಶನಿವಾರದಿಂದ ನೀನು ನಿಜವಾದ ನರ್ಸ್. ಇಂಥದ್ದು ಕಣ್ಣಿಗೆ ಬೀಳಬೇಕು.

ಹೇಳಲೋ ಬೇಡವೋ ಎಂದು ಕೇಳಿದ್ದೀಯ. ಹೇಳು. ನಿನ್ನ ಕಾಗದ ಮೇಡಂಗೆ ಓದಿ ಹೇಳಿದೆ, ತಪ್ಪು ತಿಳಿಯಬೇಡ, ಇದರಲ್ಲಿ ಅವರ ತಲೆಗೂ ಕುತ್ತಿದೆ. ಅವರು, "ಮೆಮೊ ಬರೆದೋಳು ನಾನು, ಹರಿಯೋದಕ್ಕೂ ನನಗೆ ಬರುತ್ತೆ" ಎಂದರು. ದೊಡ್ಡ ಡಾಕ್ಟರು ಏನನ್ನುತ್ತಾರೋ ಗೊತ್ತಿಲ್ಲ. ಭಯವಿದೆ. ಇದ್ದರೂ ಹೇಳು. ಆದರೆ ನನ್ನೊಬ್ಬಳ ಹೆಸರು ಬೇಡ, ಹೊಲಿಗೆ ಕೋಣೆಯವರು ಎಂದು ಹೇಳು. ಜೇಬನ್ನು ಮುನ್ನೂರು ಜನರಿಗೆ ಮುಟ್ಟಿಸಿದ್ದು ನೀನು, ಅದನ್ನೂ ಮುಚ್ಚಿಡಬೇಡ. ನಾವು ಹದಿನಾರು ವರ್ಷ ಕದ್ದುಮುಚ್ಚಿ ಮಾಡಿದ್ದನ್ನು ನೀನು ಹಗಲಿಗೆ ತಂದೆ. ಅದು ನಮ್ಮ ಕೈಯಲ್ಲಿ ಆಗಿರಲಿಲ್ಲ.

ಐದು ಕುರ್ಚಿ ಹಿಡಿದಿಡು, ಮೇಡಮ್ಮೂ ಬರುತ್ತಾರಂತೆ. ಮುಂದಿನ ಸಾಲು ಬೇಡ, ಫ್ಯಾನಿನ ಕೆಳಗೆ ಸಿಕ್ಕಿದರೆ ಸಾಕು. ಆ ಕೊಡೆ ಅಜ್ಜಿಗೆ ಹೇಳು, ಕದ್ದ ಗೌನು ವಾಪಸು ಕೊಡುವುದೇನೂ ಬೇಡ, ಹೆಗಲ ಹೊಲಿಗೆ ಬಿಟ್ಟಿದ್ದರೆ ತರಲಿ, ಹಾಕಿಕೊಡುತ್ತೇನೆ.

ಇಂತಿ, ಹೆಡ್ ನರ್ಸ್ ಅಲ್ಲದ ನಿನ್ನ
ಅಮ್ಮ

ಮತ್ತೆ: ಅರ್ಜಿಯ ಮೊದಲ ಸಾಲು ಸುಳ್ಳು, ಅಳಿಸಬೇಕು ಎಂದು ಬರೆದಿದ್ದೀಯ. ಎಲ್ಲ ತಿದ್ದು, ಆ ಸಾಲು ಮುಟ್ಟಬೇಡ. ನಿನಗೆ ಐದು ವರ್ಷವಿದ್ದಾಗ ಜ್ವರ ನೆತ್ತಿಗೇರಿ ನೀನು ಇದೇ ಆಸ್ಪತ್ರೆಯಲ್ಲಿ ಹತ್ತೊಂಬತ್ತು ದಿನ ಇದ್ದೆ. ನನ್ನ ಅಂಗಿಯಿಂದ ಕಿತ್ತುಕೊಂಡ ಒಂದು ಹಳದಿ ಗುಂಡಿಯನ್ನು ಮುಷ್ಟಿಯಲ್ಲಿ ಹಿಡಿದು ಬಿಡಲೇ ಇಲ್ಲ. ಸೂಜಿ ಹಾಕಲು ಕೈ ಬಿಚ್ಚು ಎಂದರೆ, "ಇದನ್ನ ಎಲ್ಲಿ ಇಟ್ಕೊಳ್ಳಲಿ" ಎಂದು ಒಂದೇ ಸಮನೆ ಅಳುತ್ತಿದ್ದೆ. ಪಿಟೀಲು ಎಂಬ ಹೆಸರು ಇಟ್ಟದ್ದು ಆ ವಾರ್ಡಿನ ನರ್ಸುಗಳು. ನಾನು ಕರವಸ್ತ್ರ ಹರಿದು ನಿನ್ನ ಗೌನಿನ ಒಳಗೆ ಮೊದಲ ಜೇಬು ಹೊಲಿದೆ. ಅದನ್ನು ನೋಡಿದ ಹೊಲಿಗೆ ಕೋಣೆಯ ಹಿರಿಯಾಕೆ ಮುಂದಿನ ವರ್ಷ ನನ್ನನ್ನು ಕೆಲಸಕ್ಕೆ ಕರೆದಳು. ಗಮನಿಸಿದ್ದು ನೀನೇ ಕಣೇ, ನಾನು ಹೊಲಿದೆ ಅಷ್ಟೆ. ವ್ಯಾನ್ ಮಾಮ ಈ ಕಾಗದದ ಜೊತೆ ಒಂದು ಚಿಕ್ಕ ಗೌನು ಕೊಡುತ್ತಾರೆ. ಒಗೆಯಲು ಹಾಕುವ ಮುಂಚೆ ಜೇಬಿಗೆ ಕೈ ಹಾಕಿ ನೋಡು, ಗುಂಡಿ ಅದರಲ್ಲೇ ಇದೆ.