ಫ್ರಾಕಿನ ಮಡಿಕೆ

ಗುಬ್ಬಿಯ ಅಮ್ಮನಿಗೆ,

ಮಗಳು ನಿನ್ನ ಹತ್ತಿರವೇ ಇರಲಿ ಎಂದು ನ್ಯಾಯಾಧೀಶರು ಹೇಳಿದಂತೆ, ನಾಳೆ ಅವಳನ್ನು ತಂದು ಬಿಡುತ್ತೇನೆ. ಮಗುವನ್ನು ನೋಡಲು ಯಾವಾಗ ಬರುತ್ತೀರಿ ಎಂದು ಅವರು ಕೇಳಿದಾಗ, ಅಷ್ಟು ಜನರ ಮುಂದೆ ಸಂಕೋಚಪಟ್ಟು "ಏನೂ ಬೇಡ ಸ್ವಾಮಿ" ಎಂದುಬಿಟ್ಟೆ. ಅಂದಿನಿಂದ ಸೂಜಿಗೆ ದಾರವೂ ಇಲ್ಲದೆ ಮೆಷಿನ್ ತುಳಿಯುತ್ತಿದ್ದೇನೆ.

ನೀನು ಮನೆ ಬಿಟ್ಟಾಗಿನ ಫ್ರಾಕು ಈಗ ಅವಳ ಮೊಣಕಾಲಿಗೂ ಬರುವುದಿಲ್ಲ. ಹೊಸದು ಹೊಲಿದು, ಅಂಚಿನ ಒಳಗೆ ಒಂದರ ಮೇಲೊಂದು ಸಣ್ಣ ಮಡಿಕೆ ಹಾಕಿದ್ದೇನೆ. "ಇಷ್ಟು ಬಟ್ಟೆ ಯಾಕಪ್ಪ ಬಚ್ಚಿಟ್ಟೆ, ಕಳ್ಳ?" ಎಂದು ಗುಬ್ಬಿ ನಕ್ಕಳು.

ಅವಳು ಉದ್ದವಾದ ಹಾಗೆ ಒಂದೊಂದೇ ಮಡಿಕೆ ಬಿಚ್ಚಬೇಕು. ಬೇರೆ ದರ್ಜಿಗೆ ಕೊಡಬೇಡ. ಫ್ರಾಕು ಮಾತ್ರ ಕಳಿಸಿದರೆ ಅಳತೆ ಸಿಗದು, ಗುಬ್ಬಿಯೂ ಬರಬೇಕು. ಮಕ್ಕಳು ಬೇಗ ಬೆಳೆಯುತ್ತಾರೆ, ಆಗಾಗ ಕಳಿಸು.

ಇಂತಿ,
ಗುಬ್ಬಿಯ ಅಪ್ಪ