ನುವೇನಾಳಿಗೆ ಬೇರೆ ತಟ್ಟೆ

ಸಲ್ಕಾ ಅಕ್ಕಾ,

ನಿನಗೆ ಬುದ್ಧಿ ಹೇಳುವಷ್ಟು ದೊಡ್ಡವಳಲ್ಲ ನಾನು, ತಪ್ಪು ತಿಳಿಯಬೇಡ. ಗೋಧಿಯಲ್ಲದ ಹಿಟ್ಟು ಬಂದಿದೆಯಂತೆ, ಪಕ್ಕದ ನಿರಾಶ್ರಿತರ ಶಿಬಿರದ ಆಸ್ಪತ್ರೆಗೆ ಹೊರಟಿದ್ದೇನೆ. ಸಿಗುತ್ತದೆಂಬ ನಂಬಿಕೆಯಿಲ್ಲ. ಹೋದ ಸಲವೂ ಬರಿಗೈಯಲ್ಲೇ ಬಂದೆ.

ನುವೇನಾಳಿಗೆ ರೊಟ್ಟಿಯ ಚೂರೂ ಕೊಡಬೇಡ. ಸಕ್ಕರೆ ಕಾಯಿಲೆ ಸಾಲದೆಂಬಂತೆ ಈಗ ಗೋಧಿಯೂ ಅವಳ ಕರುಳನ್ನು ಕೆಡಿಸುತ್ತಿದೆ ಎಂದು ಡಾಕ್ಟರು ಹೇಳಿದ್ದು ನಿಜ. ಪಡಿತರದಲ್ಲಿ ಬರುವುದೇ ಗೋಧಿಹಿಟ್ಟು. ಅಕ್ಕಿಯ ಚೀಲ ತಳ ಕಂಡಿದೆ. ಇರುವಷ್ಟು ಅನ್ನ ಅವಳಿಗೇ ಇರಲಿ.

ನಾವೆಲ್ಲ ಕೈ ಹಾಕುವ ದೊಡ್ಡ ತಟ್ಟೆಯಲ್ಲಿ ಅವಳು ಉಣ್ಣುವುದು ಬೇಡ. ನಮ್ಮ ಬೆರಳಿನ ರೊಟ್ಟಿಪುಡಿ ಅದರಲ್ಲಿ ಬೀಳುತ್ತದೆ. ನಿನ್ನೆ ನಾನು ಬೇರೆ ತಟ್ಟೆ ಇಟ್ಟಾಗ, "ನಾನೇನ್ ತಪ್ಪು ಮಾಡ್ದೆ ಅಂತ ಹೊರಗ್ ಹಾಕ್ತಿದ್ದೀಯಮ್ಮಾ?" ಎಂದಳು. ನೀನು ನಕ್ಕು, "ನಮ್ಮ ಸಹ್ರಾವಿ ಜನ್ರಲ್ಲಿ ರೊಟ್ಟಿ ತಿಂದು ಸತ್ತೋರನ್ನ ಎಲ್ಲಾದ್ರೂ ನೋಡಿದ್ದೀಯೇನೇ?" ಎಂದೆ. ಹಾಗನ್ನಬೇಡ ಅಕ್ಕಾ, ಅವಳು ನಂಬುವುದು ನಿನ್ನ ಮಾತನ್ನೇ. ಕೈ ಚೆನ್ನಾಗಿ ತೊಳೆದುಕೊಂಡು ನೀನೂ ಅವಳ ತಟ್ಟೆಯಲ್ಲಿ ಎರಡು ತುತ್ತು ಉಣ್ಣು.

ಮೈಯ ಸಕ್ಕರೆ ಇಳಿದು ಬೆವರಿ ನಡುಗಿದರೆ ಮೊನ್ನೆಯಂತೆ ಬಿಸ್ಕತ್ತು ಕೊಡಬೇಡ, ಅದೂ ಗೋಧಿಯದೇ. ಚಹಾಕ್ಕೆ ಸಕ್ಕರೆ ಸುರಿದು ತಕ್ಷಣ ಕುಡಿಸು.

ಊಟದ ಇನ್ಸುಲಿನ್ ಸೂಜಿಯನ್ನು ಸಂಜೆ ನಾನೇ ಬಂದು ಚುಚ್ಚುತ್ತೇನೆ, ನೀನು ಮುಟ್ಟಬೇಡ. ಇಷ್ಟು ದಿನದ ಅಳತೆ ರೊಟ್ಟಿ ತಿನ್ನುವ ಹುಡುಗಿಯದು. ತಿಂದದ್ದು ಮೈಗೆ ಹತ್ತದೆ, ಔಷಧ ಮಾತ್ರ ಕೆಲಸ ಮಾಡಿ ಅವಳು ಕುಸಿಯುತ್ತಿದ್ದಳಂತೆ. ನರ್ಸಮ್ಮನನ್ನು ಕೇಳಿದರೆ, "ಅಳತೆ ಬದಲಾಗುತ್ತೆ, ಹಾಕಿ ನೋಡ್ಬೇಕಮ್ಮಾ" ಎಂದರು. ಇಂದು ಎಷ್ಟು ಹಾಕಬೇಕೋ ನನಗೆ ಗೊತ್ತಿಲ್ಲ.

ಎಂಬಾರ್ಕಾ